ಗುಡ್ಡದ ಊರಿಗೆ ಸ್ಟಾರ್ಟರ್

ಪುಂಜಾಲಕಟ್ಟೆಯ ಬದ್ರುದ್ದೀನ್ ಗಲ್ಫಿನ ಗ್ಯಾರೇಜೊಂದರಲ್ಲಿ ಬಹುಕಾಲ ಬಿಲ್ ಬರೆದವರು. ಊರಿಗೆ ಮರಳುವಾಗ, ಅವರದೇ ಮಾತಿನಲ್ಲಿ, ಪೂರ್ತಿ ಮೆಕ್ಯಾನಿಕ್ ಆಗಿದ್ದರು. ತಮ್ಮ ಹಳೆಯ ಎಸ್‌ಯುವಿಯ ಸ್ಟಾರ್ಟರ್ ಮೋಟಾರ್ ಕೆಟ್ಟಾಗ ಅವರೇನೂ ಅಳುಕಲಿಲ್ಲ. ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಿ, ಉರುಳುವಾಗ ಗೇರು ಹಾಕಿ ಸ್ಟಾರ್ಟ್ ಮಾಡುತ್ತಿದ್ದರು.

“ಇಷ್ಟು ಗುಡ್ಡ ಇರುವ ಊರಿಗೆ ಸ್ಟಾರ್ಟರ್ ಯಾಕೆ ಮಾರಾಯ?” ಎಂದು ಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದರು.

ಬೆಳ್ತಂಗಡಿಯ ಆಸ್ಪತ್ರೆಯ ಅಂಗಳ ಮಾತ್ರ ಸಮತಟ್ಟಾಗಿತ್ತು. ಹೃದಯದ ತಪಾಸಣೆ ಮುಗಿಸಿ ಬಂದ ಹೆಂಡತಿ ಶಾಹಿದಾ, ಇವರು ಸ್ಟಿಯರಿಂಗ್ ಹಿಡಿದು ಗಾಡಿ ತಳ್ಳಲು ಜನ ಕರೆಯುತ್ತಿದ್ದಾಗ, ತಾವೇ ಹಿಂದೆ ಹೋಗಿ ನೂಕತೊಡಗಿದರು. ಕನ್ನಡಿಯಲ್ಲಿ ಆ ಮುಖ ಕಂಡು ಬದ್ರುದ್ದೀನ್ ಥಟ್ಟನೆ ಬ್ರೇಕ್ ಒತ್ತಿದರು.

“ಮುಂದಿನ ಸಲ ನಾನು ಬಸ್ಸಿನಲ್ಲಿ ಹೋಗ್ತೇನೆ. ನೀವು ಬರುವುದು ಬೇಡ,” ಎಂದರು ಶಾಹಿದಾ.

ಮರುದಿನವೇ ಬದ್ರುದ್ದೀನ್ ಹೊಸ ಮೋಟಾರ್ ತಂದು, ಬ್ಯಾಟರಿಯ ವಯರ್ ಕಳಚಿ, ಗಾಡಿಯ ಅಡಿಗೆ ನುಸುಳಿದರು. ಬಿಲ್ಲಿನಲ್ಲಿ ಒಂದೇ ಸಾಲಾಗುತ್ತಿದ್ದ ಕೆಲಸಕ್ಕೆ ಇಡೀ ಹಗಲು ಹಿಡಿಯಿತು; ಬೆರಳಿನ ಗೆಣ್ಣುಗಳೆಲ್ಲ ಸುಲಿದವು. ಅಂದು ಅವರು ಯಾರಿಗೂ ಉಪದೇಶ ಮಾಡಲಿಲ್ಲ.

ಮುಂದಿನ ತಪಾಸಣೆಯ ದಿನ ಹೆಂಡತಿಯ ಎದುರೇ ಕೀ ತಿರುಗಿಸಿದರು. ಇಂಜಿನ್ ಒಮ್ಮೆಗೇ ಎದ್ದಿತು.

“ಬಸ್ಸು ಈಗ ಬರ್ತದೆ,” ಎಂದರು ಶಾಹಿದಾ.

ಬದ್ರುದ್ದೀನ್ ಇಂಜಿನ್ ನಿಲ್ಲಿಸಿ ಕೆಳಗಿಳಿದರು. “ಹಾಗಾದ್ರೆ ಬಸ್ಸಿನಲ್ಲೇ ಹೋಗುವ. ನಾನೂ ಬರ್ತೇನೆ.”

ಶಾಹಿದಾ ಗಂಡನ ಕೈಯ ಗಾಯದ ಕಲೆಗಳನ್ನೊಮ್ಮೆ ನೋಡಿದರು. ಆಮೇಲೆ ಗಾಡಿಯ ಮುಂದಿನ ಸೀಟಿಗೆ ಹತ್ತಿ ಕೂತರು.

“ಮೆಲ್ಲ ಬಿಡಿ.”