ಸರಿದದ್ದಲ್ಲ, ಹುಟ್ಟಿದ ಎಲುಬು

ಮೊಮ್ಮಕ್ಕಳೇ, ನಿಮ್ಮಲ್ಲಿ ನಡುವಿನವಳ ಕಾಲನ್ನು ಎಲುಬು ಕೂಡಿಸುವವನ ಕೈಗೆ ಕೊಡಲು ನಾನು ಬಿಡಲಿಲ್ಲ. ಅದಕ್ಕೆ ನಿಮ್ಮಪ್ಪ ಎರಡು ದಿನ ನನ್ನೊಡನೆ ಮಾತು ಬಿಟ್ಟ. ಯಾಕೆ ಹಟ ಹಿಡಿದೆನೆಂದು ಎದುರು ಕೂತು ಹೇಳಲು ನನಗೆ ಬಾರದು, ಬರೆಯುತ್ತೇನೆ.

ಹೋದ ವರ್ಷ ಕಡಲೆ ಹೊಲದಲ್ಲಿ ಕಳೆ ತೆಗೆಯುವಾಗ ನನ್ನ ಎಡಗಾಲು ನೋಯತೊಡಗಿತು. ಪಾದದ ಒಳಮಗ್ಗುಲಲ್ಲಿ ಹುಣಸೆ ಬೀಜದಂಥ ಗಂಟು. ಆ ಎಲುಬು ಕೂಡಿಸುವವನು ಮುಟ್ಟಿ ನೋಡಿ, "ಎಲುಬ ಸರದೈತ್ರಿ, ಕೂಡಸ್ತೀನಿ" ಎಂದ. ಮೂರು ಅಮಾವಾಸ್ಯೆ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿದ. ಜೀವ ಹೋದಂತಾಗಿ ಚೀರಿದರೆ, "ಹೆಣಮಕ್ಕಳಿಗೆ ಇಷ್ಟೂ ತಾಳಿಕಿ ಇಲ್ಲಂದ್ರ ಹ್ಯಾಂಗ?" ಎಂದು ನನ್ನನ್ನೇ ಬೈದ. ರೋಣದ ಡಾಕ್ಟರೊಬ್ಬರು ಚಪ್ಪಲಿ ಕಳಚಿಸದೆಯೇ "ವಯಸ್ಸಾತಲ್ಲ, ವಾಯು" ಎಂದು ಗುಳಿಗೆ ಬರೆದರು. ನರಗುಂದದಲ್ಲಿ ಇನ್ನೊಬ್ಬರು ಸೂಜಿ ಚುಚ್ಚಿದರು. ಗಂಡಸರ ಮುಂದೆ ಸೀರೆಯಂಚು ಎತ್ತಲು ನನಗೆ ನಾಚಿಕೆ, ನಿಜ. ಆದರೆ ನೋಡುತ್ತೇನೆಂದು ಅವರಾದರೂ ಕೇಳಬೇಡವೆ?

ಕೊನೆಗೆ ಗಜೇಂದ್ರಗಡದ ಡಾಕ್ಟರಬಾಯಿಯೊಬ್ಬರು, "ಎರಡೂ ಕಾಲ ತೋರಸ್ರಿ ಅಮ್ಮಾರ" ಎಂದರು. ನೋವಿಲ್ಲದ ಬಲಗಾಲಲ್ಲೂ ಅದೇ ಗಂಟು!

"ಸರದಿದ್ರ ಎರಡೂ ಕಡಿ ಒಂದ ಸಮ ಹ್ಯಾಂಗ ಸರೀತೈತ್ರಿ?" ಎಂದು ನಕ್ಕರು.

ಎಕ್ಸ್‌ರೇಯಲ್ಲಿ ಕಂಡಿತು. ಕೆಲವರಿಗೆ ಹುಟ್ಟುತ್ತಲೇ ಅಲ್ಲೊಂದು ಹೆಚ್ಚಿನ ಎಲುಬು ಇರುತ್ತದಂತೆ. ಪಾದದ ಕಮಾನನ್ನು ಎತ್ತಿ ಹಿಡಿಯುವ ಸ್ನಾಯುವಿನ ಹುರಿ ಅದನ್ನು ಜಗ್ಗಿದಾಗ ನೋವು. ಒತ್ತಿದರೆ ಇನ್ನಷ್ಟು ನೋವು. ಕೆಲವು ವಾರ ಪಟ್ಟಿ, ಆಮೇಲೆ ಚಪ್ಪಲಿಯಲ್ಲಿ ಕಮಾನಿಗೆ ಆಸರೆಯಾಗುವ ಮೆತ್ತೆ, ದಿನವೂ ಮೀನಖಂಡದ ವ್ಯಾಯಾಮ. ಇಷ್ಟಕ್ಕೇ ಇಳಿಯಿತು. ಇಳಿಯದವರಿಗಷ್ಟೇ ಆಪರೇಶನ್. ನನ್ನ ಮೈಯಲ್ಲೇ ಹುಟ್ಟಿದ ಎಲುಬನ್ನು ಅವನು ಮೂರು ತಿಂಗಳು ಒಳಗೆ ತಳ್ಳುತ್ತಿದ್ದ!

ಈ ವರ್ಷ ಖೋಖೋ ಆಡಿ ಬಂದ ನಡುವಿನವಳು ಪಾದ ಹಿಡಿದು ಕೂತಳು. ನಿಮ್ಮಪ್ಪ ಅವನಲ್ಲಿಗೆ ಹೊರಟು ಗಾಡಿ ಹೊರಗೆ ತೆಗೆದ. ನಾನು ಅಡ್ಡ ನಿಂತೆ.

"ಯವ್ವಾ, ನೀ ಯಾವಾಗ ಡಾಕ್ಟರ್ ಆದಿ?"

"ಆಗಿಲ್ಲಪಾ. ಒತ್ತಿಸ್ಕೊಂಡಾಕಿ ನಾ. ನೀ ಒಮ್ಮೆರೆ ಒತ್ತಿಸ್ಕೊಂಡೀಯೇನ?"

ಓಣಿಗೆಲ್ಲ ಕೇಳುವಂತೆ ಕೂಗಿದ್ದೆ. ನಾನು ಹಾಗೆ ಕೂಗಿದ್ದು ಅದೇ ಮೊದಲು. ಆಮೇಲೆ ಅವಳೂ ನಾನೂ ಗಜೇಂದ್ರಗಡದ ಬಸ್ಸು ಹತ್ತಿದೆವು. ಅವಳಿಗೂ ಅದೇ ಎಲುಬು. ತಿಂಗಳು ಆಟವಿಲ್ಲವೆಂದು ಈಗ ಅವಳೂ ನನ್ನ ಮೇಲೆ ಮುನಿದಿದ್ದಾಳೆ. ಮುನಿಯಲಿ. ಅವಳ ಕಾಲು ಯಾರ ಹೆಬ್ಬೆರಳಿಗೂ ಸಿಕ್ಕಿಲ್ಲ.