ಕಾಲಿಗೆ ಕಟ್ಟಿದ ಬೆಂಡು

ಕೊರೊನಾ ಗಲಾಟೆಯೆಲ್ಲ ಮುಗಿದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ ಮೇಲೆ ಬಂದ ಮೊದಲ ಬೇಸಿಗೆ ರಜೆ ಅದು. ಆಂಧ್ರದ ಆದೋನಿಯ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ನಾನು ಟೀಚರು. ಅದಕ್ಕೂ ಕೆಲವು ವರ್ಷ ಮೊದಲು ಹಾಲಹರವಿ ಹತ್ತಿರ ನಾನು ಕೂತಿದ್ದ ಆಟೋ ಪಲ್ಟಿಯಾಗಿ ಬೆನ್ನುಹುರಿಗೆ ಪೆಟ್ಟು ಬಿದ್ದಿತ್ತು. ಅಂದಿನಿಂದ ಸೊಂಟದ ಕೆಳಗೆ ನನಗೆ ಏನೂ ಗೊತ್ತಾಗುವುದಿಲ್ಲ. ಬಿಸಿನೀರು ಚೆಲ್ಲಿದರೂ ಗೊತ್ತಾಗುವುದಿಲ್ಲ, ಸೊಳ್ಳೆ ಕಚ್ಚಿದರೂ ಗೊತ್ತಾಗುವುದಿಲ್ಲ. ಸೊಳ್ಳೆಯ ವಿಷಯದಲ್ಲಿ ಇದು ಲಾಭವೇ ಅನ್ನಿ.

ಮೊದಲು ಮಂಚ, ಗೋಡೆ, ಅಳು. ಆಮೇಲೆ ಗಾಲಿಕುರ್ಚಿ, ನೌಕರಿ, ಪಕ್ಕಕ್ಕೆ ಎರಡು ಗಾಲಿ ಸೇರಿಸಿದ ಸ್ಕೂಟರು. ಸ್ಕೂಟರು ಬಂದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. "ಕಾಲಿದ್ದಾಗ ಇಷ್ಟು ತಿರುಗಿದಾಕಿ ಅಲ್ಲ ಈಕಿ" ಎಂದು ಅವ್ವ ಅಕ್ಕಪಕ್ಕದವರ ಹತ್ತಿರ ದೂರುತ್ತಿದ್ದಳು. ಕರ್ನೂಲಿನಲ್ಲಿ ನನಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಡಾಕ್ಟರಮ್ಮ ಒಮ್ಮೆ, "ಈಜು ಕಲೀರಿ. ನೀರಲ್ಲಿ ನಿಮ್ಮನ್ನ ಯಾರೂ ಎತ್ತಬೇಕಾಗಿಲ್ಲ" ಅಂದರು. ಅಷ್ಟೇ ಸಾಕಾಯಿತು. ರಜೆ ಸಿಕ್ಕಿದ ವಾರವೇ ನಾಗಲದಿನ್ನೆಗೆ ಹೊರಟೆ.

ನಾಗಲದಿನ್ನೆ ತುಂಗಭದ್ರೆಯ ದಂಡೆಯ ಮೇಲಿನ ಊರು. ಅಲ್ಲಿ ನನ್ನ ಸೋದರಮಾವ ಈರಣ್ಣನ ಹೊಲವಿದೆ, ಹೊಲದಲ್ಲಿ ಮೆಟ್ಟಿಲಿರುವ ದೊಡ್ಡ ಬಾವಿಯಿದೆ. ಊರಿನ ಅರ್ಧ ಮಂದಿಗೆ ಆ ಬಾವಿಯಲ್ಲಿ ಈಜು ಕಲಿಸಿದವನು ಅವನೇ. ಅವನ ಪದ್ಧತಿ ಎಲ್ಲರಿಗೂ ಒಂದೇ. ಕಲಿಯುವವರ ಬೆನ್ನಿಗೆ ಬೆಂಡು ಕಟ್ಟುವುದು, ಸೊಂಟಕ್ಕೆ ಹಗ್ಗ ಬಿಗಿಯುವುದು, ಮಾತಾಡುತ್ತ ಮಾತಾಡುತ್ತ ಹಿಂದಿನಿಂದ ನೂಕುವುದು. ಹಿಂದೆ ಬೆಂಡು ಎಂದರೆ ಒಣಗಿದ ಸೋರೆಬುರುಡೆ, ಈಗ ಮುಚ್ಚಳ ಬಿಗಿದ ಖಾಲಿ ಎಣ್ಣೆ ಡಬ್ಬಿ. ಏನು ಕಟ್ಟಿದರೂ ಹೆಸರು ಬೆಂಡೇ.

ನನ್ನನ್ನು ಮಾತ್ರ ಮಾವ ನೂಕಲಿಲ್ಲ. ಮಗುವಿನಂತೆ ಎತ್ತಿಕೊಂಡು ಮೆಟ್ಟಿಲಿಳಿದು ನೀರಿನ ಅಂಚಿಗೆ ಕೂರಿಸಿದ. ಆಮೇಲೆ ನನ್ನ ಕಾಲುಗಳನ್ನೇ ಬಹಳ ಹೊತ್ತು ನೋಡಿದ.

"ಇವಕ್ಕ ಜೀವ ಇಲ್ಲ. ಕಲ್ಲು ಕಟ್ಟಿದಂಗ ಇವೇ ನಿನ್ನ ತಳಕ್ಕ ಎಳೀತಾವ ನೋಡು" ಅಂದ.

"ಮತ್ತ ಏನ್ ಮಾಡೋದು ಮಾವಾ?"

"ಎಲ್ಲಾರಿಗೂ ಬೆನ್ನಿಗೆ ಕಟ್ತೀನಿ. ನಿನಗ ಕಾಲಿಗೆ ಕಟ್ತೀನಿ."

ನನಗೂ ಅದು ಸರಿಯೆನಿಸಿತು. ಅವನು ಪ್ರೀತಿಯಿಂದ ಎರಡೂ ಕಾಲಿನ ಗಿಣ್ಣಿಗೆ ಒಂದೊಂದು ಡಬ್ಬಿ ಕಟ್ಟಿದ, ಬಿಚ್ಚಿಕೊಳ್ಳಬಾರದೆಂದು ಗಂಟಿನ ಮೇಲೆ ಗಂಟು ಹಾಕಿದ, ಸೊಂಟಕ್ಕೆ ಎಂದಿನಂತೆ ಹಗ್ಗ ಬಿಗಿದ. ಅತ್ತೆ ಲಕ್ಷ್ಮಿದೇವಿ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ಅವಳು ಎಮ್ಮಿಗನೂರು ಕಡೆಯವಳು, ಮನೆಮಾತು ತೆಲುಗು, ನೀರೆಂದರೆ ಆಗದು. "ಜಾಗ್ರತ್ತಮ್ಮಾ ಸುವರ್ಣಾ" ಎಂದು ಮೇಲಿನಿಂದಲೇ ಕೂಗಿದಳು. ನಾನು ನಕ್ಕು ಮೆಟ್ಟಿಲನ್ನು ಕೈಯಿಂದ ದಬ್ಬಿ ನೀರಿಗಿಳಿದೆ.

ಕಾಲು ನೀರಿನ ಮೇಲಕ್ಕೆ ಹೋಯಿತು, ತಲೆ ಕೆಳಗಾಯಿತು. ಬೇರೆಯವರಾದರೆ ಕಾಲು ಝಾಡಿಸಿ ಎದ್ದಾರು. ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ, ಹೊಟ್ಟೆಯಲ್ಲೂ ಬಗ್ಗಿ ಏಳುವಷ್ಟು ಬಲವಿಲ್ಲ. ಕಣ್ಣು ಬಿಟ್ಟರೆ ಹಸಿರು ಕತ್ತಲೆ. ಕೈಗೆ ಏನಾದರೂ ಸಿಗಲಿ ಎಂದು ಹುಡುಕಿದೆ, ಬರೀ ನೀರು. ಮೂಗಿನಿಂದ, ಬಾಯಿಂದ ನೀರು ಒಳಗೆ ನುಗ್ಗಿತು.

ಮೇಲೆ ಮಾವನಿಗೆ ಕಂಡದ್ದು ಡಬ್ಬಿ ಕಟ್ಟಿದ ಎರಡು ಪಾದ ಮಾತ್ರ. ಗಾಬರಿಯಾಗಿ ಸೊಂಟದ ಹಗ್ಗ ಎಳೆದ. ಸೊಂಟ ಮೇಲೆದ್ದಷ್ಟೂ ತಲೆ ಇನ್ನೂ ಆಳಕ್ಕಿಳಿಯಿತು. ಅವನು ಇನ್ನೂ ಜೋರಾಗಿ ಎಳೆದ. ಬದುಕಿಸಬೇಕೆಂದು ಅವನು ಎಳೆಯುತ್ತಿದ್ದಾನೆ, ಆ ಎಳೆತದಲ್ಲೇ ನಾನು ಸಾಯುತ್ತಿದ್ದೇನೆ ಎನ್ನುವುದು ನನಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಹೇಳಲು ಬಾಯಿ ನೀರೊಳಗಿತ್ತು. ಆಟೋ ಪಲ್ಟಿಯಾದಾಗ ಹೆದರುವುದಕ್ಕೆ ಸಮಯವೇ ಇರಲಿಲ್ಲ. ಇಲ್ಲಿ ಸಮಯವಿತ್ತು, ಹಾಗಾಗಿ ಪೂರ್ತಿ ಹೆದರಿದೆ.

ಕಟ್ಟೆಯ ಮೇಲಿದ್ದ ಅತ್ತೆಗೆ ನೀರಿನೊಳಗೆ ಹರಡಿದ ನನ್ನ ಕೂದಲು ಕಂಡಿತಂತೆ. "ತಾಡು ವದುಲಯ್ಯಾ! ಪಿಲ್ಲ ತಲ ಕಿಂದುಂದಿ!" ಎಂದು ಊರಿಗೆಲ್ಲ ಕೇಳುವಂತೆ ಚೀರಿದಳಂತೆ. ಹಗ್ಗ ಬಿಡು, ಹುಡುಗಿಯ ತಲೆ ಕೆಳಗಿದೆ ಎಂದು. ಮಾವ ಹಗ್ಗ ಬಿಟ್ಟು ಧುಮುಕಿದ. ನನ್ನ ಜಡೆಗೆ ಕೈ ಹಾಕಿ ಮುಖ ಮೇಲೆತ್ತಿದ. ಆ ಮೊದಲ ಉಸಿರು ಎದೆಯನ್ನು ಹರಿದುಕೊಂಡು ಒಳಗೆ ಹೋದಂತಾಯಿತು.

ಮೆಟ್ಟಿಲ ಮೇಲೆ ಮಲಗಿಸಿದ ಮೇಲೆ ವಾಂತಿ ಮಾಡಿಕೊಂಡೆ, ಕೆಳಗಿಳಿದು ಬಂದ ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಮಾವ ಡಬ್ಬಿ ಬಿಚ್ಚಲು ಹೋದ. ತಾನೇ ಹಾಕಿದ ಗಂಟು ಅವನ ಬೆರಳಿಗೇ ಸಿಗಲೊಲ್ಲದು. ಕೊನೆಗೆ ಕುಡುಗೋಲಿನಿಂದ ಕತ್ತರಿಸಿದ.

"ಊರ ಮಂದೀಗೆಲ್ಲ ಕಲಿಸಿದೆ. ನನ್ನ ತಂಗಿ ಮಗಳ್ನ ನಾನೇ ಕೊಲ್ತಿದ್ನಲ್ಲ" ಎಂದು ಅಲ್ಲೇ ಕುಸಿದು ಕೂತ. ಅವನು ಅತ್ತದ್ದನ್ನು ನಾನು ನೋಡಿದ್ದು ಅಂದೇ.

ಆದೋನಿಗೆ ಬಂದ ಮೇಲೆ ನನಗೆ ತಲೆಯ ಮೇಲೆ ಒಂದು ಚೊಂಬು ನೀರು ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಮುಖ ತೊಳೆಯುವಾಗ ಉಸಿರು ಕಟ್ಟುತ್ತಿತ್ತು. ಹಗಲು ನಿದ್ದೆಯಲ್ಲೂ ಹಸಿರು ಕತ್ತಲೆ. ಇದಕ್ಕಿಂತ ಕೆಟ್ಟದ್ದೆಂದರೆ, ಸ್ಕೂಟರು ಹತ್ತಲೂ ಹೆದರಿಕೆಯಾಗತೊಡಗಿತು. ಪೇಟೆಗೆ ಹೋಗದಿರಲು ನೆಪ ಹೇಳತೊಡಗಿದೆ. ಅವ್ವ ಈಗ ದೂರುತ್ತಿರಲಿಲ್ಲ, ಅವಳಿಗೆ ನಿಶ್ಚಿಂತೆಯಾಗಿತ್ತು. ನನಗೆ ಮಾತ್ರ ಬೇರೆ ದಿಗಿಲು ಶುರುವಾಯಿತು. ಹೀಗೇ ಬಿಟ್ಟರೆ ಮತ್ತೆ ಮಂಚ, ಮತ್ತೆ ಗೋಡೆ. ಮುಳುಗುವುದಕ್ಕಿಂತ ನನಗೆ ಆ ಮಂಚದ ಭಯವೇ ಹೆಚ್ಚಾಯಿತು.

ಒಂದು ಮಧ್ಯಾಹ್ನ ಅದನ್ನೇ ಯೋಚಿಸುತ್ತ ಕೂತಾಗ ಹೊಳೆಯಿತು. ಅಂದು ನನ್ನ ಕಾಲು ಮುಳುಗಲೇ ಇಲ್ಲವಲ್ಲ! ಡಬ್ಬಿಯ ಮಾತು ಬಿಡಿ, ಮಾಂಸವೆಲ್ಲ ಕರಗಿ ಕಡ್ಡಿಯಂತಾದ ಕಾಲಿನಲ್ಲಿ ಮುಳುಗುವುದಕ್ಕೆ ಭಾರವಾದರೂ ಎಲ್ಲಿದೆ? ನಾವಿಬ್ಬರೂ ಅವುಗಳನ್ನು ಸುಮ್ಮನೆ ಕಲ್ಲು ಮಾಡಿದ್ದೆವು.

ಮಾವನಿಗೆ ಫೋನು ಮಾಡಿದೆ. "ಎದಿಗೆ ಕಟ್ಟಬೇಕು ಮಾವಾ, ಕಾಲಿಗೆ ಏನೂ ಬ್ಯಾಡ."

"ಸಾಕವ್ವಾ. ಆ ಬಾವಿ ಕಡಿ ಮುಖ ಹಾಕಂಗಿಲ್ಲ ನಾನು" ಎಂದು ಫೋನಿಟ್ಟುಬಿಟ್ಟ.

ಮರುದಿನ ಹೇಗೋ ಸ್ಕೂಟರು ಹತ್ತಿ ನಾಗಲದಿನ್ನೆಗೆ ಹೋದೆ. ಮನೆಗೆ ಹೋಗದೆ ನೇರ ಬಾವಿಯ ಹತ್ತಿರ ನಿಲ್ಲಿಸಿದೆ. ಹೊಲದಲ್ಲಿದ್ದ ಮಾವ ಓಡಿ ಬಂದ. "ನೀ ಬರಲಿಲ್ಲಂದ್ರ ಒಬ್ಬಾಕೀನೇ ತೆವಳಿಕೊಂತ ಇಳೀತೀನಿ" ಅಂದೆ. ಬರೀ ಬಾಯಿಮಾತು ಅದು, ಒಳಗೆ ಪ್ರಾಣ ಬಾಯಿಗೆ ಬಂದಿತ್ತು. ಮಾವ ನನ್ನ ಮುಖ ನೋಡಿದ. "ನೀನೂ ಅಂಜೀಯಲ್ಲಬೇ" ಅಂದ. "ಹೂಂ" ಅಂದೆ. ಆಮೇಲೆ ಅವನು ಹೋಗಿ ಡಬ್ಬಿ ತಂದ.

ಈ ಸಲ ಎದೆಗೆ ಕಟ್ಟಿದ. ನನಗಿಂತ ಮೊದಲು ತಾನು ನೀರಿಗಿಳಿದು ನನ್ನ ಗದ್ದದ ಕೆಳಗೆ ಕೈ ಕೊಟ್ಟ. ಕಟ್ಟೆಯ ಮೇಲಿನಿಂದ ಅತ್ತೆ ಇಡೀ ಹೊತ್ತು "ತಲ ಪೈನ, ತಲ ಪೈನ" ಎನ್ನುತ್ತಲೇ ಇದ್ದಳು. ತಲೆ ಮೇಲೆಯೇ ಇತ್ತು. ಕಾಲು ತಮ್ಮ ಪಾಡಿಗೆ ಹಿಂದೆ ತೇಲಿಕೊಂಡು ಬರುತ್ತಿದ್ದವು. ಮಾವ ಯಾವಾಗ ಕೈ ತೆಗೆದನೋ ನನಗೆ ತಿಳಿಯಲಿಲ್ಲ.

ಆ ಬೇಸಿಗೆಯಿಂದ ಇಲ್ಲಿಯವರೆಗೆ ಬಹಳ ಈಜಿದ್ದೇನೆ. ಅಂಗವಿಕಲರ ಸ್ಪರ್ಧೆಗಳಲ್ಲಿ ಪದಕ ತಂದಿದ್ದೇನೆ, ಶಾಲೆಯಲ್ಲಿ ಶಾಲು ಹೊದಿಸಿದ್ದಾರೆ. ಧೈರ್ಯವಂತೆ ಎಂದು ಮೈಕಿನಲ್ಲಿ ಹೇಳಿದಾಗಲೆಲ್ಲ ನನಗೆ ಮುಜುಗರ. ಹೋದ ಚಳಿಗಾಲ ತುಂಗಭದ್ರೆಯನ್ನೇ ಈಜಿ ಆಚೆ ದಂಡೆಗೆ ಹೋದೆ. ಮಾವ ಹರಿಗೋಲಿನಲ್ಲಿ ಪಕ್ಕಕ್ಕೇ ಬಂದ. ಹೊಳೆಯಲ್ಲಿ ಅಪರೂಪಕ್ಕೆ ಮೊಸಳೆ ಕಾಣುತ್ತವೆ. ಬೇರೆಯವರಿಗಾದರೆ ಕಾಲು ಹಿಡಿದರೆ ಗೊತ್ತಾದೀತು, ನನಗೆ ಅದೂ ಗೊತ್ತಾಗುವುದಿಲ್ಲ. ನಡುನೀರಿನಲ್ಲಿ ನಾಲ್ಕು ಸಲ ಕೈ ಹೊಡೆದರೆ ಒಂದು ಸಲ ತಿರುಗಿ, ಪಾದಗಳಿವೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಒಂದು ಹಂತದಲ್ಲಿ ಎರಡೂ ದಂಡೆ ಒಂದೇ ದೂರ ಕಂಡವು. ಹಸಿರು ಕತ್ತಲೆ ಮತ್ತೆ ಕಣ್ಣಿಗೆ ಕಟ್ಟಿತು. ಹರಿಗೋಲು ಹಿಡಿಯಲು ಕೈ ಚಾಚಿದ್ದೆ ಕೂಡ. ಮಾವ ಹತ್ತಿರ ತಂದ. ಯಾಕೋ ಹಿಡಿಯಲಿಲ್ಲ, ಮುಂದೆ ಕೈ ಹೊಡೆದೆ.

ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಮ್ಮ ನಾನು ಬರುವುದನ್ನೇ ನೋಡುತ್ತ ನಿಂತಿದ್ದಳು. ಕೈಗೆ ಉಸುಕು ತಾಗಿದ ಮೇಲೂ ನಾನು ನೀರಿನಲ್ಲೇ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದೆ. ಹರಿಗೋಲು ಇನ್ನೂ ಹಿಂದಿತ್ತು.

"ಎದ್ದು ಬಾರಬೇ ಮ್ಯಾಕ" ಅಂದಳು.

"ಏಳಾಕ ಬರಂಗಿಲ್ಲಬೇ ನನಗ. ಕಾಲು ಬಿದ್ದಾವ, ಭಾಳ ವರ್ಷಾತು."

ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲಿಟ್ಟಳು. ನನ್ನ ಕಾಲು ನೋಡಿದಳು, ನನ್ನ ಹಿಂದಿನ ಹೊಳೆ ನೋಡಿದಳು. "ಅಯ್ಯ ನಮ್ಮವ್ವ, ಮತ್ತ ಇಷ್ಟ್ ದೊಡ್ಡ ಹೊಳಿ ಹೆಂಗ ದಾಟಿದಿ?"

ಮೈಕಿನವರಿಗೆ ಹೇಳಲಾಗದ್ದು ಆಕೆಯ ಮುಂದೆ ತಾನಾಗಿ ಬಾಯಿಗೆ ಬಂತು.

"ಅಂಜಿಕೊಂತ ದಾಟಿದೆ" ಅಂದೆ.