ಒಂಬತ್ತನೇ ಮೊಳೆಯ ಬೀಗದ ಕೈ

ನಮ್ಮ ಹೆಡ್ ಮೇಷ್ಟ್ರ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣದ್ದು. ಸ್ಟಾಂಪ್ ಪ್ಯಾಡಿನ ಶಾಯಿ ಉಗುರಿನ ಸಂದಿಗೆ ಇಳಿದು, ಚರ್ಮದ ಗೆರೆಗಳಲ್ಲಿ ಕೂತು, ಯಾವ ಸೋಪಿಗೂ ಜಗ್ಗದಂತಾಗಿತ್ತು. ಅದೇ ಬೆರಳಿನಿಂದ ಕಿವಿ ತುರಿಸಿಕೊಳ್ಳುವ ಚಾಳಿ ಇದ್ದದ್ದರಿಂದ ಬಲಗಿವಿಯೂ ಒಂಚೂರು ನೇರಳೆ.

ಶಾಲೆಯ ಸೀಲು ಅಂದರೆ ಅವರಿಗೆ ಪ್ರಾಣ. ಹೊಟ್ಟೆನೋವೆಂದು ಮನೆಗೆ ಹೊರಟವನ ಕೈಗೂ ಒಂದು ಚೀಟಿ, ಚೀಟಿಗೊಂದು ಸೀಲು. ಚೆಂಡು ಕಳೆದರೆ ಚೀಟಿ, ಸಿಕ್ಕರೆ ಇನ್ನೊಂದು ಚೀಟಿ. "ನಾಳೆ ಕೇಳಿದ್ರೆ ನಾನು ಹೇಳೇ ಇಲ್ಲ ಅಂತೀನಿ. ನನ್ನ ನಂಬಬ್ಯಾಡ, ಕಾಗದ ಇಟ್ಕ" ಅನ್ನುವುದು ಅವರ ಮಾತು. ಸೊಕ್ಕೆ ರಸ್ತೆಯ ನಮ್ಮ ಪುಟ್ಟ ಊರಿನಲ್ಲಿ ಅವರನ್ನು ಆಡಿಕೊಳ್ಳದವರು ಯಾರೂ ಇರಲಿಲ್ಲ. ಊರಿನ ದೊಡ್ಡವರೊಬ್ಬರು ಮಗನ ಹುಟ್ಟಿದ ದಿನಾಂಕ ತಿದ್ದಿ ಕೊಡಿ ಅಂತ ಬಂದಾಗ, "ಒಂದು ಸಲ ಹುಟ್ಟಿದ ಹುಡುಗನ್ನ ಮತ್ತೆ ಹುಟ್ಸಾಕೆ ನನ್ನ ಕೈಲಿ ಆಗಲ್ರೀ" ಎಂದು ಕಳಿಸಿದ್ದರು. ಕಾಗದದ ಮೇಲೆ ಸುಳ್ಳು ಬರೆಯುವ ಮನುಷ್ಯ ಅವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ಅವರ ಕೋಣೆಯ ಗೋಡೆಯಲ್ಲಿ ಒಂದು ಹಲಗೆ ಇತ್ತು. ಮುರಿದ ಡೆಸ್ಕಿನ ಹಲಗೆಗೆ ಸಾಲಾಗಿ ಮೊಳೆ ಹೊಡೆದು, ಕೆಳಗೆ ಒಂದು, ಎರಡು, ಮೂರು ಎಂದು ಬರೆಸಿದ್ದರು. ಮೆಕ್ಕೆಜೋಳದ ಹೊಲಕ್ಕೆ ಅಪ್ಪ ಅವ್ವ ಹೊರಟಮೇಲೆ ಮನೆಗೆ ಬೀಗ ಹಾಕಿ ಬರುವ ಕೆಲಸ ಮಕ್ಕಳದ್ದು. ಲಂಗದ ಗಂಟಿನಲ್ಲಿ, ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡ ಬೀಗದ ಕೈ ಆಟದ ಬಯಲಲ್ಲಿ ಬಿದ್ದು ಹೋಗಿ ಸಂಜೆ ಬಾಗಿಲ ಮುಂದೆ ಅಳುವುದು ಹೆಚ್ಚಾದಾಗ ಈ ಏರ್ಪಾಡು ಮಾಡಿದರು. ಬೆಳಿಗ್ಗೆ ಬಂದವರೆಲ್ಲ ತಮ್ಮ ತಮ್ಮ ಮೊಳೆಗೆ ಬೀಗದ ಕೈ ನೇತುಹಾಕಿ ಕ್ಲಾಸಿಗೆ ಹೋಗಬೇಕು. ಬೀಗದ ಕೈ ಹಲಗೆಯ ಮೇಲಿದೆ ಎಂದರೆ ಆ ಮನೆ ಖಾಲಿ ಎಂದೇ ಅವರೂ ತಿಳಿದಿದ್ದರು, ನಾವೂ ಹಾಗೇ ನಡೆದುಕೊಂಡೆವು.

ಒಂಬತ್ತನೇ ಮೊಳೆ ನನ್ನದು. ನಮ್ಮ ಮನೆ ಖಾಲಿ ಇರಲಿಲ್ಲ.

ಮೂರು ತಿಂಗಳ ತಮ್ಮ ತೀರಿಕೊಂಡಮೇಲೆ ಅವ್ವ ಮಾತು ಬಿಟ್ಟಳು. ಒಲೆಯ ಮುಂದೆ ಕೂತವಳು ಇದ್ದಕ್ಕಿದ್ದಂತೆ ಎದ್ದು ನಡೆಯುತ್ತಿದ್ದಳು. ಎರಡು ಸಲ ಜಾಲಿಮರಗಳ ಆಚೆಯ ಹಳೇ ಬಾವಿಯ ಹತ್ತಿರ ಸಿಕ್ಕಿದಳು. ಕುರಿ ನಂಬಿದ ಸಂಸಾರ ನಮ್ಮದು. ಗದ್ದೆ ಕೊಯ್ಲಾದಮೇಲೆ ಗೊಬ್ಬರಕ್ಕೆಂದು ಅಲ್ಲಿ ಮಂದೆ ಕೂಡಿಸಲು ಅಪ್ಪ ಹೊನ್ನಾಳಿ ಕಡೆಗೆ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹೊರಡುವ ದಿನ ಹೊಸ ಬೀಗವೊಂದನ್ನು ನನ್ನ ಕೈಗಿಟ್ಟ. "ಸಾಲಿಗೆ ಹೋಗೋವಾಗ ಹೊರಗಿಂದ ಹಾಕ್ಕಂಡು ಹೋಗು. ಯಾರಿಗೂ ಹೇಳಬ್ಯಾಡ. ಹೇಳಿದ್ರೆ ಹುಚ್ಚಿ ಅಂತಾರೆ" ಅಂದ. ನಾನಾಗ ಏಳನೇ ಕ್ಲಾಸು. ಅಪ್ಪ ಹೇಳಿದಂತೆ ಮಾಡಿದೆ.

ಮಧ್ಯಾಹ್ನ ಬಿಸಿಯೂಟದ ಅನ್ನ ಸಾಂಬಾರನ್ನು ಡಬ್ಬಿಗೆ ಹಾಕಿಸಿಕೊಂಡು, ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಓಡುತ್ತಿದ್ದೆ. ಉಳಿದವರ ಬೀಗದ ಕೈ ಸಂಜೆವರೆಗೂ ಅಲುಗುತ್ತಿರಲಿಲ್ಲ. ಮೇಷ್ಟ್ರು ಒಂದು ದಿನ ಕೇಳಿದರು.

"ಊಟ ಇಲ್ಲೇ ಐತೆ. ಮನಿಗೆ ಯಾಕೆ ಓಡ್ತೀಯ?"

"ಕೋಳಿಗೆ ಹಾಕಾಕೆ ಸಾ."

"ನಿಮ್ಮ ಕೋಳಿ ಸಾಂಬಾರು ಉಣ್ತಾವಾ?"

ಎಲ್ಲರೂ ನಕ್ಕರು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ "ಕೋಳಿ ಹೆಂಗದಾವೆ?" ಎಂದು ರೇಗಿಸುವುದು ಅವರಿಗೆ ರೂಢಿಯಾಯಿತು. "ಚೆನ್ನಾಗದಾವೆ ಸಾ" ಅನ್ನುತ್ತಿದ್ದೆ. ಮನೆಯ ಬಾಗಿಲ ಒಳಮೈಯಲ್ಲಿ ಆ ಹೊತ್ತಿಗಾಗಲೇ ಗೀರುಗಳು ಕಾಣಿಸಿಕೊಂಡಿದ್ದವು. ಇಲಿ ಇರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಬಿಳಿಚೋಡಿನಲ್ಲಿ ವಲಯ ಮಟ್ಟದ ಆಟದ ದಿನ ಬಂತು. ನಾನು ಖೋಖೋ ತಂಡದಲ್ಲಿದ್ದೆ. ಶಾಲೆಯ ಹತ್ತಿರ ಎಲ್ಲರೂ ಸೇರಿ ಟೆಂಪೋ ಹತ್ತುವ ಮೊದಲು, ಕೈ ತಾನಾಗಿ ಮೊಳೆಯ ಕಡೆ ಹೋಯಿತು. ಬೀಗದ ಕೈ ನೇತುಹಾಕಿದೆ. ಮೇಷ್ಟ್ರು ಕೋಣೆಗೆ ಬೀಗ ಹಾಕಿದರು. ಮಧ್ಯಾಹ್ನದೊಳಗೆ ವಾಪಸ್ ಅಂದಿದ್ದರು. ಆದರೆ ನಾವು ಗೆಲ್ಲುತ್ತಾ ಹೋದೆವು. ಹೊತ್ತು ಏರಿ, ನೆರಳು ಆ ಕಡೆ ವಾಲಿತು. ಪ್ರತಿಸಲ ಸೀಟಿ ಊದಿದಾಗಲೂ ನನಗೆ ನಮ್ಮ ಕತ್ತಲೆ ಮನೆಯೇ ಕಾಣುತ್ತಿತ್ತು. ಫೈನಲ್ಲಿಗೆ ಮುಂಚೆ ಮೇಷ್ಟ್ರ ಹತ್ತಿರ ಹೋಗಿ ನಿಂತೆ.

"ಸಾ, ನನ್ನ ಬೀಗದ ಕೈ ಬೇಕು."

"ಒಂದಿನ ಉಪವಾಸ ಇದ್ರೆ ಕೋಳಿ ಸಾಯಲ್ಲ ಬಿಡೇ."

"ಕೋಳಿ ಅಲ್ಲ ಸಾ. ಒಳಗೆ ಅವ್ವ ಅದಾಳೆ."

ಅವರು ಬೈಯಲಿಲ್ಲ. ಮುಖದಲ್ಲಿದ್ದ ನಗು ಮಾತ್ರ ಹಾಗೇ ಇಂಗಿತು. ಯಾರದೋ ಮೊಪೆಡ್ ಇಸಿದುಕೊಂಡು ನನ್ನನ್ನು ಹಿಂದೆ ಕೂರಿಸಿಕೊಂಡರು. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದರು, "ಒಲೆ ಆರಿಸಿ ಬಂದಿದ್ಯಾ?" ನನಗೆ ನೆನಪಾಗಲಿಲ್ಲ. ಅವರು ಮೊಪೆಡ್ಡನ್ನು ಇನ್ನೂ ಜೋರಾಗಿ ಓಡಿಸಿದರು.

ಒಂಬತ್ತನೇ ಮೊಳೆಯಿಂದ ಬೀಗದ ಕೈ ತಂದು ಬೀಗ ತೆಗೆದರೂ ಬಾಗಿಲು ಸರಿಯಲಿಲ್ಲ. ಅವ್ವ ಒಳಗಿನಿಂದ ಅದಕ್ಕೇ ಒರಗಿ ಕೂತಿದ್ದಳು. ಮೆಲ್ಲಗೆ ತಳ್ಳಿದೆವು. ನೀರಿನ ಕೊಡ ಉರುಳಿತ್ತು. ಅವ್ವನ ಬೆರಳ ತುದಿಗಳು ಒಡೆದು ರಕ್ತ ಹೆಪ್ಪುಗಟ್ಟಿತ್ತು. ತಿಂಗಳುಗಳ ನಂತರ ಅವಳು ಆಡಿದ ಮೊದಲ ಮಾತು ಮೇಷ್ಟ್ರಿಗೆ: "ಬೀಗ ಹಾಕಾಕೆ ಬಂದ್ರಾ?"

"ಇಲ್ಲ ತಾಯೀ. ತೆಗಿಯಾಕೆ ಬಂದೀನಿ" ಅಂದರು. ಬಾಗಿಲ ಒಳಮೈಯಲ್ಲಿ, ಕೂತವರ ಎದೆಮಟ್ಟಕ್ಕಿದ್ದ ಗೀರುಗಳ ಮೇಲೆ ಆ ನೇರಳೆ ಹೆಬ್ಬೆರಳನ್ನು ಆಡಿಸುತ್ತಾ ತುಂಬಾ ಹೊತ್ತು ಬಗ್ಗಿ ನಿಂತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೇ ದಿನ ಹಲಗೆಯ ಮುಂದೆ ಎಲ್ಲರನ್ನೂ ನಿಲ್ಲಿಸಿ ಕೇಳಿದರು, "ಬೀಗ ಹಾಕಿ ಬಂದೀರಲ್ಲ, ಒಳಗೆ ಯಾರನ್ನಾದ್ರೂ ಬಿಟ್ಟು ಬಂದೀರೇನು?" ಮೆಲ್ಲಗೆ ಎರಡು ಕೈ ಮೇಲೆದ್ದವು. ಒಂದು ಮನೆಯಲ್ಲಿ ಕಣ್ಣು ಕಾಣದ ತಾತ, ಇನ್ನೊಂದರಲ್ಲಿ ನಡೆಯಲಾರದ ತಂಗಿ. ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು. ಆ ವಾರವೇ ಆ ಮಕ್ಕಳ ಅಪ್ಪ ಅವ್ವಂದಿರನ್ನು ಕರೆಸಿ ಮಾತಾಡಿದರು. ತಾತನೂ ತಂಗಿಯೂ ಹಗಲು ಹೊತ್ತು ಶಾಲೆಯ ಜಗಲಿಗೇ ಬಂದರು. ಅವ್ವನೂ ಬಂದಳು. ಅಡುಗೆಯ ಅಕ್ಕನ ಪಕ್ಕ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಂಗಳವಾರ ಜಗಳೂರಿಗೆ ಬರುವ ಮನಸ್ಸಿನ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋಗಲು ನನಗೆ ಚೀಟಿ ಕೊಡುತ್ತಿದ್ದರು, ಸೀಲು ಹಾಕಿ.

ಅಪ್ಪನಿಗೆ ಫೋನು ಮಾಡಿದಾಗ ಅವನು ಕೂಗಾಡಿದ. ಫೋನಿಟ್ಟ ಮೇಷ್ಟ್ರು ಒಂದು ಹಾಳೆ ಎಳೆದುಕೊಂಡು ಬರೆದರು: "ಈ ವಿದ್ಯಾರ್ಥಿನಿಯ ಮನೆಗೆ ಹೊರಗಿನಿಂದ ಬೀಗ ಹಾಕಕೂಡದೆಂದು ನಾನೇ ಹೇಳಿರುತ್ತೇನೆ. ಪ್ರತಿದಿನ ತಾಯಿಯನ್ನು ಜೊತೆಯಲ್ಲಿ ಶಾಲೆಗೆ ಕರೆತರತಕ್ಕದ್ದು. ಇದರಿಂದ ಏನಾದರೂ ಸಂಭವಿಸಿದಲ್ಲಿ ನಾನೇ ಜವಾಬ್ದಾರನು." ಕೆಳಗೆ ಸಹಿ, ಸೀಲು.

"ಇದ್ಯಾಕೆ ಸಾ?"

"ನಾಳೆ ಏನಾದ್ರೂ ಆದ್ರೆ ಎಲ್ಲಾರೂ ನಿನ್ನ ಕೇಳ್ತಾರೆ. ಇದನ್ನ ಕೊಡು."

ಆ ಹಾಳೆಯನ್ನು ಟ್ರಂಕಿನ ತಳದಲ್ಲಿ, ಕಣ್ಣಿಗೆ ಬೀಳದ ಹಾಗೆ ಇಟ್ಟೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಎಲ್ಲ ಸುಸೂತ್ರವಾಗಿ ನಡೆಯಿತು. ಅವ್ವ ಮಾತಾಡಿದಳು, ಎರಡು ಮೂರು ಸಲ ನಕ್ಕಳು, ನನಗೆ ಜಡೆ ಹೆಣೆದಳು. ಬೈತಲೆ ಮಾತ್ರ ಯಾವಾಗಲೂ ಸೊಟ್ಟ. ಆದರೂ ಕೆಲವು ದಿನ ಅಕ್ಕಿ ಆರಿಸುವ ಕೈ ನಿಂತುಹೋಗಿ ಅವಳ ಕಣ್ಣು ಜಾಲಿಮರಗಳ ಕಡೆಗೇ ನೆಟ್ಟಿರುತ್ತಿತ್ತು. ಮೇಷ್ಟ್ರು ಕಿಟಕಿಯಿಂದ ಅದನ್ನು ನೋಡುವುದನ್ನು ನಾನು ನೋಡುತ್ತಿದ್ದೆ.

ಎಂಟನೇ ಕ್ಲಾಸಿನ ಬೀಳ್ಕೊಡುಗೆ ದಿನ ಫೋಟೋ ತೆಗೆಯುವವರು ಬರುವವರಿದ್ದರು. ಹಿಂದಿನ ವಾರವಷ್ಟೇ ಹುಡುಗಿಯರು ನನಗೆ ಹುಚ್ಚೀ ಮಗಳು ಅಂದಿದ್ದರು. ಬೆಳಿಗ್ಗೆ ಅವ್ವ ಸೀರೆ ಉಟ್ಟು ನನ್ನ ಜೊತೆ ಹೊರಟು ನಿಂತಳು.

"ಇವತ್ತೊಂದಿನ ನೀನು ಬರಬ್ಯಾಡವ್ವ" ಅಂದೆ.

"ಆತು" ಅಂದಳು. ನನ್ನ ಜಡೆಯ ಟೇಪು ಸರಿ ಮಾಡಿದಳು. ನಾನು ತಿರುಗಿ ನೋಡದೆ ಹೋದೆ.

ಫೋಟೋಕ್ಕೆ ಕುರ್ಚಿ ಜೋಡಿಸುತ್ತಿದ್ದ ಮೇಷ್ಟ್ರು ಜಗಲಿಯ ಕಡೆ ನೋಡಿ "ನಿಮ್ಮವ್ವ ಎಲ್ಲಿ?" ಅಂದರು. ಮಲಗಿದಾಳೆ ಅಂದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದವರು ಕೈಯಲ್ಲಿದ್ದ ಕುರ್ಚಿಯನ್ನು ಅಲ್ಲೇ ಬಿಟ್ಟು ಓಡಿದರು. ನಮ್ಮ ಮನೆಯ ಕಡೆಗಲ್ಲ, ನೆಟ್ಟಗೆ ಬಾವಿಯ ಕಡೆಗೆ. ಅವ್ವ ಅಲ್ಲಿದ್ದಳು. ಮೇಷ್ಟ್ರು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಪ್ಪ ಬಂದ. ಮಣ್ಣಾದಮೇಲೆ ನಮ್ಮ ಅಂಗಳದಲ್ಲಿ ಊರೇ ನೆರೆದಿತ್ತು. "ಬೀಗ ಹಾಕಿದ್ರೆ ನನ್ನ ಹೆಂಡ್ತಿ ಉಳೀತಿದ್ಲು. ಯಾರೇ ತೆಗಿ ಅಂದೋರು?" ಎಂದು ನನ್ನ ಮೇಲೆ ಕೈ ಎತ್ತಿಕೊಂಡು ಬಂದ. ನಾನು ಟ್ರಂಕಿನ ತಳದ ಹಾಳೆ ತಂದು ಕೊಟ್ಟೆ. ಅಪ್ಪನಿಗೆ ಓದು ಬಾರದು, ದೊಡ್ಡಪ್ಪ ಓದಿದ. ಎರಡನೇ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದ. "ದಿನಾ ಜತಿಗೆ ಕರ್ಕಂಡು ಬರಬೇಕು ಅಂತ ಐತಲ್ಲ ಇದ್ರಾಗೆ. ನೀನ್ಯಾಕೆ ಬಿಟ್ಟು ಹೋದಿ?"

ಅಂಗಳದವರೆಲ್ಲ ನನ್ನನ್ನೇ ನೋಡಿದರು.

"ಅವತ್ತು ಫೋಟೋ ಇತ್ತು. ಕರ್ಕಂಡು ಬರಬ್ಯಾಡ ಅಂತ ನಾನೇ ಹೇಳಿದ್ದೆ" ಎಂದು ಬಾಗಿಲ ಬಳಿಯಿಂದ ದನಿ ಬಂತು. ಮೇಷ್ಟ್ರು ಮುಂದೆ ಬಂದು ದೊಡ್ಡಪ್ಪನ ಕೈಯಿಂದ ಹಾಳೆ ಇಸಿದುಕೊಂಡರು. ಜೇಬಿನಿಂದ ಪೆನ್ನು ತೆಗೆದು, ನಮ್ಮ ಗೋಡೆಗೇ ಒತ್ತಿ ಹಿಡಿದು, ಆ ಮಾತನ್ನೇ ಒಂದು ಸಾಲಾಗಿ ಬರೆದರು. ಶಾಲೆಗೆ ಹೋಗಿ ಸೀಲು ಹಾಕಿಕೊಂಡು ಬಂದು ನನ್ನ ಕೈಗೆ ಕೊಟ್ಟರು. ಅಪ್ಪ ಅವರ ಅಂಗಿ ಹಿಡಿದು ಜಗ್ಗಾಡಿ ಕೆನ್ನೆಗೆ ಹೊಡೆದ. ಯಾರೂ ಬಿಡಿಸಲು ಹೋಗಲಿಲ್ಲ. ಅವರು ತಲೆ ತಗ್ಗಿಸಿ ನಿಂತಿದ್ದರು.

ರಿಟೈರ್ ಆಗುವವರೆಗೆ ನಮ್ಮೂರಿನಲ್ಲಿ ಅವರಿಗೆ ಮೊದಲಿನ ಮರ್ಯಾದೆ ಸಿಗಲಿಲ್ಲ. ಬೆನ್ನ ಹಿಂದೆ ಆಡಿದವರು ಎದುರಿಗೂ ಆಡಿದರು. ಅವರು ಒಮ್ಮೆಯೂ ನನ್ನ ಹತ್ತಿರ ಆ ದಿನದ ಮಾತೆತ್ತಲಿಲ್ಲ. ನಾನಾಗಿ ಅಳುತ್ತಾ ಹೋದ ಒಂದು ದಿನ ಮಾತ್ರ, "ನೀನಿನ್ನೂ ಹುಡುಗಿ. ನಿನಗೆ ಇದನ್ನ ಹೊರಾಕೆ ಆಗಲ್ಲ. ಓದ್ಕ ಹೋಗು" ಅಂದರು. ಓದಿದೆ. ಈಗ ಬಿಳಿಚೋಡಿನ ಕಡೆ ಮಕ್ಕಳಿಗೆ ಪಾಠ ಹೇಳುತ್ತೇನೆ.

ಮೊನ್ನೆ ಜಗಳೂರಿನಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎದೆಯ ಮೇಲೆ ಇಟ್ಟಿದ್ದ ಬಲಗೈಯ ಹೆಬ್ಬೆರಳು ಬೆಳ್ಳಗಾಗಿತ್ತು. ಅದನ್ನು ನೋಡಲಾರದೆ ಹೊರಗೆ ಬಂದುಬಿಟ್ಟೆ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದ. "ನಿಮ್ಮವ್ವನ್ನ ಕೊಂದೋನ ಮಣ್ಣಿಗೆ ಯಾಕೆ ಹೋಗಿದ್ದೆ?" ಅಂದ. ನಾನು ಟ್ರಂಕು ತೆಗೆದು ಆ ಹಾಳೆ ತಂದು ಅವನ ಎದುರು ಕೂತೆ. ಮೊದಲ ಸಾಲಿನಿಂದ ನಿಧಾನವಾಗಿ ಓದಿ ಹೇಳುತ್ತಾ ಬಂದೆ. ಎರಡನೇ ಸೀಲಿನ ಮೇಲಿದ್ದ ಕೊನೆಯ ಸಾಲನ್ನೂ ಓದಿದೆ. ಓದಿ ಹಾಳೆಯನ್ನು ಅವನ ಕೈಗಿಟ್ಟೆ.

"ಇದೊಂದು ಸಾಲು ಸುಳ್ಳು ಅಪ್ಪಾ. ಅವ್ವಗೆ ಬರಬ್ಯಾಡ ಅಂದೋಳು ನಾನು" ಅಂದೆ.